ಖಾಲಿ ಎಂದುಕೊಂಡ ಪಿಸ್ತೂಲು

ಕೂಡಲಸಂಗಮವಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ ಹಲಗಲಿ ಗ್ರಾಮವೂ ಇದೆ. ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಾಯ್ದೆಯ ವಿರುದ್ಧ 1857ರಲ್ಲಿ ಅಲ್ಲಿಯ ಬೇಡರು ದಂಗೆಯೆದ್ದರು. ಆಯುಧ ಅವರ ಬದುಕೇ ಆಗಿತ್ತು. ಇಂದು ಸಂಗಮಕ್ಕೆ ಪ್ರವಾಸ ಹೋಗುವ ನೀವು ಆಯುಧವನ್ನು ಕಾಣುವುದು ಬ್ಯಾಂಕಿನ ಕಾವಲುಗಾರ, ಪೊಲೀಸ್ ಅಧಿಕಾರಿ ಇಂಥವರ ಬಳಿ. ಅದು ಕೆಲಸಕ್ಕಾಗಿ ಕೈಗೆ ಬಂದ ಆಯುಧ.

ಅದನ್ನು ಹಿಡಿಯುವವರು ಮೊದಲು ಕಲಿಯುವ ಪಾಠವೇನು ಗೊತ್ತೇ? ಪ್ರತಿಯೊಂದು ಆಯುಧದಲ್ಲೂ ಗುಂಡಿದೆ ಎಂದೇ ತಿಳಿಯಬೇಕು.

ಇದಕ್ಕೆ ಕಾರಣವುಂಟು. ಪಿಸ್ತೂಲಿನ ಗುಂಡುಗಳು ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಒಂದು ಗುಂಡು ನಳಿಕೆಯ ಹಿಂಭಾಗಕ್ಕೆ ಸೇರುತ್ತದೆ. ಆಮೇಲೆ ಮ್ಯಾಗಜಿನ್ ಹೊರತೆಗೆದರೂ ಆ ಗುಂಡು ಒಳಗೇ ಉಳಿಯುತ್ತದೆ! 'ಖಾಲಿ' ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ.

ಆದ್ದರಿಂದ ತರಬೇತಾದವರು ನಳಿಕೆಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೆ ತಿರುಗಿಸುತ್ತಾರೆ. ಬೆರಳನ್ನು ಟ್ರಿಗರ್‌ನಿಂದ ದೂರವಿಡುತ್ತಾರೆ. ಮ್ಯಾಗಜಿನ್ ತೆಗೆದ ನಂತರವೇ ಸ್ಲೈಡ್ ಎಳೆದು ಒಳಗೆ ಕಣ್ಣಾರೆ ನೋಡುತ್ತಾರೆ. ಕೊಡುವವರು ನೋಡಿದ್ದರೂ ಪಡೆಯುವವರು ಮತ್ತೊಮ್ಮೆ ನೋಡುತ್ತಾರೆ.

ಕೌಶಲವಿದ್ದರೆ ಸಾಲದು, ಸಂಯಮವೂ ಬೇಕು. ಸಹೋದ್ಯೋಗಿಯನ್ನು ತಮಾಷೆಗೆ ಬೆದರಿಸುವುದು, ಮದುವೆಯಲ್ಲಿ ಗುಂಡು ಹಾರಿಸುವುದು ಕರ್ತವ್ಯವಲ್ಲ, ದುರ್ಬಳಕೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಸಂಭ್ರಮಕ್ಕೆ ಗುಂಡು ಹಾರಿಸಿ ಇತರರನ್ನು ಅಪಾಯಕ್ಕೆ ತಳ್ಳಿದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ವಾರಸುದಾರರಿಲ್ಲದ ಆಯುಧ ಎಲ್ಲಾದರೂ ಕಂಡರೆ ಮುಟ್ಟಬೇಡಿ, ಗೆಳೆಯರನ್ನೂ ಮುಟ್ಟಗೊಡಬೇಡಿ. ಹಿರಿಯರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. 'ಖಾಲಿ ಇರಬಹುದು' ಎಂಬ ಊಹೆಯ ಮೇಲೆ ಯಾರ ಪ್ರಾಣವನ್ನೂ ಪಣಕ್ಕಿಡಬಾರದು.