ಮೂತ್ರದ ದಾರಿಯಲ್ಲೊಂದು ಗ್ರಂಥಿ

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇದರ ಜಾಗ. ಯೌವನದಲ್ಲಿ ಅಕ್ರೋಟಿನಷ್ಟು ಗಾತ್ರ, ಸುಮಾರು 20 ಗ್ರಾಂ ತೂಕ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒದಗಿಸುವುದು ಇದರ ಕೆಲಸ. ಮೂತ್ರನಾಳ ಹೊರಗೆ ಹೋಗುವುದು ಈ ಗ್ರಂಥಿಯ ನಡುವೆ ತೂರಿಕೊಂಡು. ಪ್ರಾಸ್ಟೇಟಿಗೆ ಆದ ತೊಂದರೆ ಮೂತ್ರದಲ್ಲಿ ಕಾಣಿಸಿಕೊಳ್ಳುವುದು ಅದಕ್ಕೇ.

ಇದರ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದದ್ದು ವಯಸ್ಸಿನೊಂದಿಗೆ ಗ್ರಂಥಿ ದಪ್ಪವಾಗುವುದು. ಐವತ್ತರಿಂದ ಅರವತ್ತರ ನಡುವಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ಬೆಳವಣಿಗೆ ಇರುತ್ತದೆ; ಎಂಬತ್ತು ದಾಟಿದವರಲ್ಲಿ ಇಲ್ಲದವರೇ ಕಡಿಮೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಬೆಳೆಯುವುದು ಮೂತ್ರನಾಳವನ್ನು ಸುತ್ತಿಕೊಂಡಿರುವ ಒಳಭಾಗವಾದ್ದರಿಂದ ದಾರಿ ಇಕ್ಕಟ್ಟಾಗುತ್ತದೆ. ಶೌಚಾಲಯಕ್ಕೆ ಹೋಗಿ ನಿಂತರೂ ಮೂತ್ರ ತಕ್ಷಣ ಬರುವುದಿಲ್ಲ. ಬಂದರೂ ಧಾರೆ ಸಣ್ಣದು, ನಡುನಡುವೆ ನಿಂತುಬಿಡುತ್ತದೆ, ತಿಣುಕಬೇಕಾಗುತ್ತದೆ, ಮುಗಿಯಿತೆಂದ ಮೇಲೂ ತೊಟ್ಟಿಕ್ಕುತ್ತದೆ. ಪೂರ್ತಿ ಖಾಲಿಯಾಗಲಿಲ್ಲ ಎಂಬ ಭಾವನೆ ಉಳಿಯುತ್ತದೆ. ರಾತ್ರಿ ಎರಡು ಮೂರು ಸಲ ಏಳಬೇಕಾಗಿ ನಿದ್ದೆ ಕೆಡುತ್ತದೆ. ಕತ್ತಲಲ್ಲಿ ಎದ್ದು ನಡೆಯುವ ವೃದ್ಧರು ಎಡವಿ ಬೀಳುವ ಅಪಾಯವೂ ಇದೆ. ಗ್ರಂಥಿ ಎಷ್ಟು ದಪ್ಪವಾಗಿದೆ ಎಂಬುದಕ್ಕೂ ತೊಂದರೆ ಎಷ್ಟಿದೆ ಎಂಬುದಕ್ಕೂ ನೇರ ಲೆಕ್ಕವಿಲ್ಲ. ದೊಡ್ಡ ಗ್ರಂಥಿಯವರು ಹಾಯಾಗಿರಬಹುದು, ಸ್ವಲ್ಪವೇ ಬೆಳೆದವರು ಒದ್ದಾಡಬಹುದು.

‘ವಯಸ್ಸಾಯಿತು, ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಿರುವುದು, ‘ಉಷ್ಣವಾಗಿದೆ’ ಎಂದು ಬಾರ್ಲಿ ನೀರು ಕುಡಿದು ವರ್ಷಗಟ್ಟಲೆ ತಳ್ಳುವುದು ನಮ್ಮಲ್ಲಿ ಹೆಚ್ಚು. ಸಂಕೋಚವೂ ಅದಕ್ಕೆ ಕಾರಣ. ಆದರೆ ಮೂತ್ರಕೋಶದಲ್ಲಿ ಮೂತ್ರ ಉಳಿಯುತ್ತಾ ಹೋದರೆ ಸೋಂಕು, ಕಲ್ಲು, ಕೊನೆಗೆ ಮೂತ್ರಪಿಂಡಕ್ಕೂ ಹಾನಿ ಆಗಬಹುದು. ಕೆಲವರಿಗೆ ಒಂದು ದಿನ ಮೂತ್ರ ಪೂರ್ತಿ ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿ ತಡೆಯಲಾರದ ನೋವು ಬರುತ್ತದೆ. ಆಗ ನಳಿಕೆ ಹಾಕಿ ತೆಗೆಯಬೇಕು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳು, ಅತಿಯಾದ ಮದ್ಯ ಇದನ್ನು ಪ್ರಚೋದಿಸುವುದುಂಟು. ಗ್ರಂಥಿ ದಪ್ಪವಾದ ತೊಂದರೆಗೆ ಔಷಧಿಗಳಿವೆ. ಸ್ನಾಯು ಸಡಿಲಿಸುವ ಟ್ಯಾಮ್ಸುಲೋಸಿನ್‌ನಿಂದ ಕೆಲವೇ ದಿನಗಳಲ್ಲಿ ಹಾಯೆನಿಸುತ್ತದೆ. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟರೈಡ್‌ಗೆ ಆರು ತಿಂಗಳಾದರೂ ಬೇಕು. ಔಷಧಿಗೆ ಬಗ್ಗದಿದ್ದರೆ ಮೂತ್ರನಾಳದ ಮೂಲಕವೇ ಉಪಕರಣ ಹಾಯಿಸಿ ಅಡ್ಡವಾದ ಭಾಗವನ್ನು ತೆಗೆಯುತ್ತಾರೆ.

ಪ್ರಾಸ್ಟೇಟ್ ಉರಿಯೂತ ಯುವಕರನ್ನೂ ಬಿಡುವುದಿಲ್ಲ. ಬ್ಯಾಕ್ಟೀರಿಯಾದಿಂದ ಹಠಾತ್ತಾಗಿ ಬಂದರೆ ಚಳಿಜ್ವರ, ಉರಿಮೂತ್ರ, ವೃಷಣ ಮತ್ತು ಗುದದ್ವಾರದ ನಡುವಿನ ಜಾಗದಲ್ಲಿ ನೋವು ಇರುತ್ತವೆ. ಇದಕ್ಕೆ ಆ್ಯಂಟಿಬಯೋಟಿಕ್ ಬೇಕೇ ಬೇಕು. ಮೂರು ತಿಂಗಳಿಗೂ ಮೀರಿ ಎಳೆಯುವ ದೀರ್ಘಕಾಲದ ಬಗೆಯಲ್ಲಿ ಎಷ್ಟೋ ಸಲ ಯಾವ ಸೋಂಕೂ ಸಿಗುವುದಿಲ್ಲ, ನೋವು ಮಾತ್ರ ನಿಜ.

ಕ್ಯಾನ್ಸರಿನ ಸ್ವಭಾವ ಬೇರೆ. ಅದು ಹೆಚ್ಚಾಗಿ ಹುಟ್ಟುವುದು ಮೂತ್ರನಾಳದಿಂದ ದೂರದ ಹೊರಭಾಗದಲ್ಲಿ. ಹಾಗಾಗಿ ಆರಂಭದಲ್ಲಿ ಯಾವ ಲಕ್ಷಣವೂ ಇರದೆ ಬೆಳೆಯಬಲ್ಲದು. ಮುಂದುವರಿದ ಮೇಲೆ ಮೂತ್ರದಲ್ಲಿ ಅಥವಾ ವೀರ್ಯದಲ್ಲಿ ರಕ್ತ, ತೂಕ ಇಳಿಯುವುದು, ಮೂಳೆಗೆ ಹಬ್ಬಿದರೆ ಸೊಂಟ ಬೆನ್ನುಗಳಲ್ಲಿ ಬಿಡದ ನೋವು ಕಾಣಿಸುತ್ತವೆ. ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿ. ಈ ಕ್ಯಾನ್ಸರ್ ಪುರುಷ ಹಾರ್ಮೋನಿನ ಆಸರೆಯಲ್ಲಿ ಬೆಳೆಯುತ್ತದೆಂದು 1941ರಲ್ಲಿ ತೋರಿಸಿದ ಚಾರ್ಲ್ಸ್ ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಹಾರ್ಮೋನ್ ತಗ್ಗಿಸುವ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ. ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡದೆ ಕ್ರಮವಾಗಿ ಪರೀಕ್ಷಿಸುತ್ತಾ ಕಾಯುವುದೂ ಸರಿಯಾದ ದಾರಿಯೇ.

ಪಿಎಸ್‌ಎ ಎಂಬ ರಕ್ತಪರೀಕ್ಷೆ ಸುಳಿವು ಕೊಡುತ್ತದೆ, ತೀರ್ಪನ್ನಲ್ಲ. ಗ್ರಂಥಿ ದಪ್ಪವಾದರೂ, ಸೋಂಕು ತಗುಲಿದರೂ ಅದರ ಪ್ರಮಾಣ ಏರುತ್ತದೆ. ಫಿನಾಸ್ಟರೈಡ್ ಸೇವಿಸುವವರಲ್ಲಿ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಗುದದ ಮೂಲಕ ಬೆರಳಿಟ್ಟು ನೋಡುವ ಪರೀಕ್ಷೆಗೆ ನಾಚಬೇಕಿಲ್ಲ. ಗಟ್ಟಿಯಾದ ಗಂಟು ಕೈಗೆ ಸಿಗುವುದು ಅದರಲ್ಲೇ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗುವುದು ಬಯಾಪ್ಸಿಯಿಂದ.

ಮೂತ್ರ ಕಟ್ಟಿಕೊಂಡರೆ, ಉರಿಮೂತ್ರದ ಜೊತೆ ಚಳಿಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡು ತಾನಾಗಿ ನಿಂತರೂ ತೋರಿಸಿಕೊಳ್ಳಲೇಬೇಕು.