ನಾನೂರು ರೂಪಾಯಿಯ ಲೆನ್ಸು, ಕುಸುಬೆ ಹೊಲದ ಹುಳ

ಎರಡು ವರ್ಷದ ಹಿಂದೆ, ಜೂನ್ ತಿಂಗಳು. ಅಷ್ಟೂರಿನ ಗುಮ್ಮಟಗಳ ಹಿಂದಿನ ಬಯಲಲ್ಲಿ ನಾನು ಬೋರಲು ಮಲಗಿದ್ದೆ. ಬೀದರಿನಿಂದ ಗುಮ್ಮಟ ನೋಡಲು ಬಂದಿದ್ದ ಒಂದು ಕುಟುಂಬ ಹತ್ತಿರ ಬಂದು, "ಏನ್ ಕಳ್ಕೊಂಡೀರಿ ಸರ್?" ಅಂತ ಕೇಳಿತು. ನಾನು ಉತ್ತರ ಕೊಡುವುದರೊಳಗೆ ಮಕ್ಕಳು ಹುಡುಕೋಕೆ ಶುರು ಮಾಡಿಬಿಟ್ಟಿದ್ದರು. ಅವರ ಬೆನ್ನ ಹಿಂದೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ಸಿಡಿಲು ಬಡಿದು ಅರ್ಧ ಬಿದ್ದಿರುವ ಹುಮಾಯೂನನ ಗುಮ್ಮಟ, ಒಳಗೋಡೆಯೆಲ್ಲ ಬಣ್ಣದ ಚಿತ್ತಾರ ಇರುವ ಅಹ್ಮದ್ ಶಾ ವಲಿಯ ಗುಮ್ಮಟ. ಇಲ್ಲಿಗೆ ಬಂದವರ ಫೋನುಗಳೆಲ್ಲ ಆ ಕಡೆ ಮೇಲೆತ್ತಿರುತ್ತವೆ. ನನ್ನದು ನೆಲದ ಕಡೆ.

ನಾನು ಹುಡುಕುತ್ತಿದ್ದದ್ದು ಮಿರಗದ ಹುಳ. ಮೃಗಶಿರ ಮಳೆ ಬಿದ್ದು ಕೆಂಪು ಮಣ್ಣು ನೆನೆದ ಮೇಲೆ ಕಾಣಿಸುವ, ಮಖಮಲ್ ಬಟ್ಟೆಯ ತುಂಡಿನಂಥ ಕಡುಗೆಂಪು ಜೀವ. ದಖನಿ ಮಾತಾಡುವ ನಮ್ಮ ಪಕ್ಕದ ಮನೆಯವರಿಗೆ ಅದು ಬೀರ್ ಬಹೂಟಿ. ಸಣ್ಣವರಿದ್ದಾಗ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಶಾಲೆಗೆ ಹೋಗ್ತಿದ್ದೆವು. ಅದಕ್ಕೆ ಎಂಟು ಕಾಲು, ಅಂದರೆ ಅದು ಕೀಟವೇ ಅಲ್ಲ, ಜೇಡ-ಚೇಳುಗಳ ಬಳಗದ ನುಸಿ ಅನ್ನೋದು ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಮುಗಿಸಿ ಎಷ್ಟೋ ವರ್ಷದ ಮೇಲೆ. ಅದೂ ನಾನೂರು ರೂಪಾಯಿಯ ಲೆನ್ಸಿನಲ್ಲಿ ಕಾಲು ಎಣಿಸಿದ್ದರಿಂದ.

ಹಾಸ್ಟೆಲಿನಲ್ಲಿದ್ದಾಗ 'ಮೈಕ್ರೊಕಾಸ್ಮೋಸ್' ಅನ್ನೋ 1996ರ ಫ್ರೆಂಚ್ ಸಿನಿಮಾ ನೋಡಿದ್ದೆ. ಒಂದು ಹುಲ್ಲುಗಾವಲು, ಅದರ ಹುಳಗಳೇ ನಾಯಕ-ನಾಯಕಿ. ಅಂಥದ್ದಕ್ಕೆಲ್ಲ ಲಕ್ಷಗಟ್ಟಲೆ ಸಾಮಾನು ಬೇಕು ಅಂತ ಅವತ್ತೇ ಕೈಬಿಟ್ಟಿದ್ದೆ. ಅದೇ ಮಟ್ಟದ್ದು ಬೇಕಿದ್ದರೆ ಈಗಲೂ ಬೇಕು. ಆದರೆ ಹುಳದ ಮುಖ ನೋಡೋಕೆ ಅಷ್ಟು ಬೇಡ.

ಫೋನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಕಚ್ಚಿಸುವ ಲೆನ್ಸು ಸಿಗುತ್ತೆ. ಡಬ್ಬಿ ಮೇಲಿನ 15 ಎಕ್ಸ್, 20 ಎಕ್ಸ್ ಅಂಕಿ ನಂಬಬೇಡಿ. ಒಳಗಿರುವುದು ಗಾಜೋ ಪ್ಲಾಸ್ಟಿಕ್ಕೋ ಅಷ್ಟೇ ನೋಡಿ. ನನಗೆ ಮೊದಲ ವಾರ ಬರೀ ಮಸುಕು ಬಂತು. ಲೆನ್ಸಿಗೆ ಬೈದೆ, ಮಾರಿದವನಿಗೂ ಬೈದೆ. ಆಮೇಲೆ ನೋಡಿದರೆ ತಪ್ಪಿದ್ದದ್ದು ಸಾಫ್ಟ್‌ವೇರಿನಲ್ಲಿ! ವಸ್ತು ಹತ್ತಿರ ಬಂದ ಕೂಡಲೇ ಫೋನು ತಾನಾಗಿಯೇ ಮುಖ್ಯ ಕ್ಯಾಮೆರಾ ಬಿಟ್ಟು ಪಕ್ಕದ ಅಲ್ಟ್ರಾ-ವೈಡ್‌ಗೆ ಜಿಗಿಯುತ್ತಿತ್ತು. ಲೆನ್ಸು ಒಂದು ಕಣ್ಣಿಗೆ ಹಾಕಿದ್ದೆ, ಫೋನು ಇನ್ನೊಂದು ಕಣ್ಣಲ್ಲಿ ನೋಡ್ತಿತ್ತು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆ ಆಟೊ ಮ್ಯಾಕ್ರೊ ಆಫ್ ಮಾಡಿದೆ, ಸರಿಹೋಯ್ತು. ಕ್ಲಿಪ್ ಲೆನ್ಸು ಎಸೆದುಬಿಟ್ಟವರಲ್ಲಿ ಅರ್ಧ ಜನ ಇದೇ ಕಾರಣಕ್ಕೆ ಎಸೆದಿರಬೇಕು ಅಂತ ನನ್ನ ಅನುಮಾನ.

ಮನೆಯಲ್ಲಿ ಹಳೇ ಡಿಎಸ್‌ಎಲ್‌ಆರ್ ಬಿದ್ದಿದ್ದರೆ ಅದರ ಮುಂದೆ ತಿರುಗಿಸಿ ಹಾಕುವ ಕ್ಲೋಸ್-ಅಪ್ ಲೆನ್ಸುಗಳ ಸೆಟ್ ತಗೊಳ್ಳಿ. +1, +2, +4, +10 ಅಂತ ನಾಲ್ಕು ಬರುತ್ತವೆ. ಲೆಕ್ಕ ಸುಲಭ: ಸಾವಿರವನ್ನು ಆ ಅಂಕಿಯಿಂದ ಭಾಗಿಸಿದರೆ, ಕ್ಯಾಮೆರಾ ಫೋಕಸ್ ಅನಂತಕ್ಕಿಟ್ಟಾಗ ಹುಳ ಎಷ್ಟು ಮಿಲಿಮೀಟರ್ ದೂರ ಇರಬೇಕು ಅಂತ ಗೊತ್ತಾಗುತ್ತೆ. +10 ಅಂದರೆ ಬರೀ 10 ಸೆಂಟಿಮೀಟರ್, ಹುಳ ಓಡಿಹೋಗುತ್ತೆ. +4 ಅಂದರೆ 25 ಸೆಂಟಿಮೀಟರ್. ಆ +4 ಅನ್ನು 55-250 ಜೂಮ್ ಲೆನ್ಸಿನ ಮುಂದೆ ಹಾಕಿ 250ಕ್ಕೆ ಎಳೆದರೆ ಹುಳ ಸೆನ್ಸರಿನ ಮೇಲೆ ತನ್ನ ನಿಜವಾದ ಗಾತ್ರದಲ್ಲೇ ಬೀಳುತ್ತೆ, ನೀವೂ ಮೊಳದ ಅರ್ಧದಷ್ಟು ದೂರ ಇರಬಹುದು. ನಾಲ್ಕನ್ನೂ ಒಂದರ ಮೇಲೊಂದು ಜೋಡಿಸುವ ಆಸೆ ಎಲ್ಲರಿಗೂ ಬರುತ್ತೆ. ನನಗೂ ಬಂತು. ಅಂಚಿನಲ್ಲೆಲ್ಲ ನೀಲಿ-ನೇರಳೆ ಗೆರೆ ಎದ್ದಿತು.

ಲೆನ್ಸಿಗಿಂತ ಕಷ್ಟದ್ದು ಅಲುಗದೆ ಇರೋದು. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಒಂದೆರಡು ಮಿಲಿಮೀಟರ್ ಮಾತ್ರ. ಕಣ್ಣು ಸರಿ ಬಂದರೆ ಕಾಲು ಮಸುಕು. ಹಾಗಾಗಿ ಫೋಕಸ್ ಲಾಕ್ ಮಾಡಿ, ನಾವೇ ಕೂದಲೆಳೆಯಷ್ಟು ಹಿಂದೆ-ಮುಂದೆ ಆಗಬೇಕು. ಗುಮ್ಮಟದ ಆವರಣದಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹೊಲದಲ್ಲಿ ಅನುಮತಿ ಬೇಡ, ಆದರೆ ಇಷ್ಟು ತಗ್ಗಿಗೆ ಅದು ಇಳಿಯಲ್ಲ. ಅವ್ವ ಹೊಲಿದುಕೊಟ್ಟ ಸಣ್ಣ ಚೀಲದಲ್ಲಿ ಎರಡು ಕೆಜಿ ಜೋಳ ತುಂಬಿ ಅದರ ಮೇಲೆ ಫೋನು ಕೂರಿಸುತ್ತೇನೆ. ಬೆಳಕಿಗೆ ಎಲ್‌ಇಡಿ ಟಾರ್ಚು, ಅದರ ಬಾಯಿಗೆ ಬಟರ್ ಪೇಪರ್. ಬೆಳಗಿನ ಥಂಡಿಗೆ ಹುಳಗಳೂ ನಮ್ಮಂತೆ ಏಳೋದು ತಡ, ಆದ್ದರಿಂದ ಸೂರ್ಯ ಮೇಲೇರುವುದರೊಳಗೆ ಕೆಲಸ ಮುಗಿಸಬೇಕು.

ಒಂದು ತಪ್ಪು ಹೇಳಿಕೊಳ್ಳಬೇಕು. ಆ ಜೂನ್‌ನಲ್ಲಿ ಸಿಕ್ಕ ಮಿರಗದ ಹುಳ ನಿಲ್ಲದೆ ಓಡಾಡ್ತಿತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಗೆ ತಂದು ಟೇಬಲ್ ಲ್ಯಾಂಪಿನ ಕೆಳಗೆ ಒಂದು ತಾಸು ಶೂಟ್ ಮಾಡಿದೆ. ಚಂದ ಬಂತು. ಡಬ್ಬಿ ಅಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಅದು ಒಣಗಿದ ಮೆಣಸಿನಕಾಯಿ ಬೀಜದಂತೆ ಮುದುಡಿಕೊಂಡಿತ್ತು. ವರ್ಷದ ಬಹುಪಾಲು ಮಣ್ಣಿನೊಳಗೆ ಇದ್ದು, ಮಳೆಯ ಹಸಿ ನಂಬಿ ಗೆದ್ದಲು ತಿನ್ನೋಕೆ, ಜೋಡಿ ಹುಡುಕೋಕೆ ಮೇಲೆ ಬರುವ ಜೀವ ಅದು. ಆ ವಿಡಿಯೋ ಎಲ್ಲೂ ಹಾಕಲಿಲ್ಲ. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಶೂಟ್ ಮಾಡಿ ಅಂತ ಸಲಹೆ ಕೊಡುವವರೂ ಇದ್ದಾರೆ. ಕೇಳಬೇಡಿ. ಎಲ್ಲಿದೆಯೋ ಅಲ್ಲೇ ಮಲಗಿ ತೆಗೀರಿ, ಸಿಗದಿದ್ದರೆ ಎದ್ದು ಬನ್ನಿ.

ಅದೇ ವರ್ಷ ಡಿಸೆಂಬರ್‌ನಲ್ಲಿ ಊರಿಂದಲೇ ಕೆಲಸ ಮಾಡ್ತಿದ್ದೆ. ನಮ್ಮ ಕುಸುಬೆಗೆ ಹೇನು ಬಿದ್ದಿತ್ತು. ದಂಟಿಗೆ ಕಪ್ಪು ಸಾಸಿವೆ ಮೆತ್ತಿದ ಹಾಗೆ. ಅಪ್ಪ ಅಂದ, "ಹೇನು ಸಾಲಲ್ದಕ್ಕ ಮ್ಯಾಲ ಮತ್ತೊಂದು ಕೀಡಿ ಬಂದಾವ. ನಾಳಿ ಎಣ್ಣಿ ಹೊಡೀಬೇಕು."

ಆ ಮತ್ತೊಂದನ್ನು ನೋಡೋಣ ಅಂತ ಬೆಳಿಗ್ಗೆ ಚೀಲ ಹಿಡಿದು ಹೋದೆ. ಕುಸುಬೆ ಹೊಲದಲ್ಲಿ ಮಲಗಿದವರಿಗೆ ಅದರ ಮುಳ್ಳು ಗೊತ್ತು. ಲೆನ್ಸಿನಲ್ಲಿ ಕಂಡದ್ದು ಸಣ್ಣ ಮೊಸಳೆಯಂಥ ಮರಿ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು. ಮುಂದಿನಿಂದ ಒಂದು ಹೇನನ್ನು ಹಿಡಿದು ಎತ್ತಿತು. ಹೇನು ಕಾಲು ಬಡಿಯಿತು. ಆಮೇಲೆ ಅದರ ಹೊಟ್ಟೆ ನಿಧಾನಕ್ಕೆ ಕುಗ್ಗಿ, ಖಾಲಿ ಚೀಲವಾಯ್ತು. 22 ನಿಮಿಷದ ವಿಡಿಯೋದಲ್ಲಿ ಮೂರು ಹೇನು. ಇನ್ನೊಂದು ದಂಟಿನಲ್ಲಿ ಇರುವೆಗಳು ಹೇನಿನ ಸಿಹಿ ಅಂಟು ನೆಕ್ಕುತ್ತಾ, ಹತ್ತಿರ ಬಂದ ಮರಿಯನ್ನು ಅಟ್ಟುತ್ತಿದ್ದವು. ಆ ಮರಿ ಗುಲಗಂಜಿ ಹುಳದ್ದು. ದೊಡ್ಡದನ್ನು ಎಲ್ಲರೂ ಗುರುತಿಸ್ತಾರೆ, ಮಕ್ಕಳ ಪುಸ್ತಕದಲ್ಲೂ ಇರುತ್ತೆ. ಮರಿ ಮಾತ್ರ ತಾಯಿಯನ್ನು ಒಂದಿಷ್ಟೂ ಹೋಲದ್ದರಿಂದ ಪೀಡೆಯ ಲೆಕ್ಕಕ್ಕೆ ಸೇರಿ ಸಾಯುತ್ತೆ. ಕೋಶಕ್ಕೆ ಹೋಗುವ ಮೊದಲು ಒಂದೊಂದು ಮರಿ ನೂರಾರು ಹೇನು ತಿಂದಿರುತ್ತೆ.

ರಾತ್ರಿ ಊಟದ ಮುಂದೆ ಟಿವಿಗೆ ಹಾಕಿ ತೋರಿಸಿದೆ. ಅವ್ವ ಬಾಯಿಗೆ ಸೆರಗು ಹಿಡಿದಳು. "ಅಯ್ಯ ಶಿವನೆ, ಇವಕ್ಕ ನಾ ಕಂಪೌಂಡಿನ ಅವರಿ ಬಳ್ಳ್ಯಾಗ ಎಷ್ಟು ಹೊಸಕೀನಿ!" ಅಪ್ಪ ಎರಡನೇ ಸಲ ಹಾಕು ಅಂದ. ನೋಡಿ ಮುಗಿಸಿ, "ಖರೇ ಅದ. ಆದ್ರ ನಿನ್ನ ವಿಡಿಯೋ ನೋಡ್ಕೋತ ಕುಂತು ಬೆಳಿ ಹೋದ್ರ ಯಾರ್ ಕೊಡ್ತಾರ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಗಳ ಕೊನೆಗೆ ಸಂಬಳ ಬರುವವನು ಆ ಮಾತಿಗೆ ಏನು ಹೇಳಬೇಕು?

ಮರುದಿನ ಇಬ್ಬರೂ ಸೇರಿ ಹೊಲ ಸುತ್ತಿದೆವು. ಹೇನು ಜಾಸ್ತಿ ಇದ್ದದ್ದು ಬದುವಿನ ಪಕ್ಕದ ಸಾಲುಗಳಲ್ಲಿ. ಒಳಗೆ ಹೋದಷ್ಟೂ ಕಡಿಮೆ, ಮರಿಗಳು ಹೆಚ್ಚು. ಅಪ್ಪ ಅಂಚಿನ ಸಾಲುಗಳಿಗೆ ಮಾತ್ರ ಹೊಡೆದ, ಒಳಗಿನದ್ದು ಬಿಟ್ಟ. "ನಾಕು ದಿನ ನೋಡೋಣು" ಅಂದ. ನಾಲ್ಕು ದಿನ ಎಂಟಾಯ್ತು. ರಾಶಿ ಆಗುವವರೆಗೂ ಅದರ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಈ ಚಳಿಗಾಲ ನಾನು ಬೆಂಗಳೂರಿನಲ್ಲಿದ್ದೆ. ಆಫೀಸಿನ ಮೀಟಿಂಗ್ ನಡುವೆ ಅಪ್ಪನಿಂದ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬಂತು. ಅರ್ಧ ಪರದೆ ಅವನ ಹೆಬ್ಬೆರಳು, ಉಳಿದರ್ಧ ಹಸಿರು ಮಸುಕು, ಅದರಲ್ಲೊಂದು ಕಪ್ಪು ಚುಕ್ಕೆ. ಹಿಂದಿನಿಂದ ಅವನ ದನಿ: "ತಮ್ಮಾ, ಇದು ನಮ್ಮ ಪೈಕಿದೇನು, ಹೇನಿನ ಪೈಕಿದೇನು?"

ಉತ್ತರ ಟೈಪ್ ಮಾಡಿದೆ: "ಅಪ್ಪಾ, ಕಾಣವಲ್ದು. ಬೆರಳು ತೆಗಿ, ಫೋನು ಒಂದು ಗೇಣು ಹಿಂದಕ್ಕ ತಗೊಂಡು ಇನ್ನೊಮ್ಮಿ ಹೊಡಿ."