ಕ್ರೇನಿನ ಮೇಲೆ ಬರೆದ ಟನ್ನು

ಹನ್ನೆರಡು ಟನ್ನಿನ ಕ್ರೇನು, ಎತ್ತಬೇಕಾದ ತೊಲೆ ನಾಲ್ಕೇ ಟನ್ನು, ಇನ್ನೇನು ಭಯ? ಕಟ್ಟಡ ಕೆಲಸ ನಡೆಯುವ ಕಡೆ ಈ ಬಗೆಯ ತರ್ಕ ಸಲೀಸಾಗಿ ಒಪ್ಪಿಗೆಯಾಗಿಬಿಡುತ್ತದೆ. ಕ್ರೇನಿನ ಮೈಮೇಲೆ ಬರೆದ ಅಂಕಿ ಸುಳ್ಳಲ್ಲ. ಆದರೆ ಅದು ಎಲ್ಲವೂ ಅನುಕೂಲವಾಗಿರುವಾಗಿನ ಅಂಕಿ: ನೆಲ ಗಟ್ಟಿ, ಕ್ರೇನಿನ ತೋಳಾದ ಬೂಮ್ ಹತ್ತಿರ, ಭಾರ ನೇರ ಕೆಳಗೆ, ಗಾಳಿ ಇಲ್ಲ. ಅದೇ ಭಾರವನ್ನು ಎರಡರಷ್ಟು ದೂರಕ್ಕೆ ಚಾಚಿದರೆ ಕ್ರೇನನ್ನು ಮಗುಚುವ ಬಲವೂ ಎರಡರಷ್ಟಾಗುತ್ತದೆ. ಆದ್ದರಿಂದ ಆಪರೇಟರ್ ಲಿವರ್ ಮುಟ್ಟುವ ಮೊದಲೇ ಸುರಕ್ಷತೆಯ ಬಹುಪಾಲು ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ.

ಶಕ್ತಿ ಎಲ್ಲೆಲ್ಲಿ ಸೋರಿಹೋಗುತ್ತದೆ ನೋಡಿ. ತುಂಬಿದ ಹಂಡೆಯನ್ನು ಇಬ್ಬರು ಹಿಡಿದು ನಡೆಯುವಾಗ ಒಬ್ಬರಿಂದೊಬ್ಬರು ದೂರ ಸರಿದಷ್ಟೂ ಕೈ ಸೋಲುತ್ತದೆ. ಭಾರವನ್ನು ಕೊಕ್ಕೆಗೆ ತೂಗುಹಾಕುವ ಹಗ್ಗದ, ಅಂದರೆ ಸ್ಲಿಂಗಿನ, ಎರಡು ಕಾಲುಗಳದ್ದೂ ಅದೇ ಪಾಡು. ಒಂದು ಟನ್ನನ್ನು ನೇರ ನಿಂತ ಎರಡು ಕಾಲುಗಳಲ್ಲಿ ಎತ್ತಿದರೆ ಒಂದೊಂದಕ್ಕೂ 500 ಕಿಲೋ. ಅವು ಅಡ್ಡರೇಖೆಗೆ 45 ಡಿಗ್ರಿಯಷ್ಟು ವಾಲಿದರೆ ತಲಾ 707 ಕಿಲೋ, 30 ಡಿಗ್ರಿಗೆ ಇಳಿದರೆ ತಲಾ ಪೂರ್ತಿ 1000 ಕಿಲೋ. ಭಾರ ಒಂದಿಷ್ಟೂ ಹೆಚ್ಚಿಲ್ಲ, ಹಗ್ಗದ ಪಾಲು ಮಾತ್ರ ಇಮ್ಮಡಿಯಾಗಿದೆ. ವಿಂಚಿನ ಡ್ರಮ್ಮಿನಲ್ಲೂ ಇಂಥದೇ ಲೆಕ್ಕವಿದೆ. ವೈರ್ ರೋಪ್ ಪದರದ ಮೇಲೆ ಪದರವಾಗಿ ಸುತ್ತಿದಂತೆ ಡ್ರಮ್ಮು ದಪ್ಪಗಾಗುತ್ತದೆ. ಮೋಟಾರು ಅದೇ ಇದ್ದರೂ ಎಳೆಯುವ ಬಲ ಕುಗ್ಗುತ್ತದೆ. ಹಾಗೆಂದು ರೋಪನ್ನು ಪೂರ್ತಿ ಬಿಚ್ಚುವಂತೆಯೂ ಇಲ್ಲ. ತುದಿಯನ್ನು ಬಿಗಿದ ಕ್ಲಾಂಪಿಗೆ ಇಡೀ ಭಾರ ಹೊರುವ ತಾಕತ್ತಿಲ್ಲ, ಡ್ರಮ್ಮಿಗೆ ಸುತ್ತಿಕೊಂಡ ರೋಪಿನ ಘರ್ಷಣೆಯೇ ಅದನ್ನು ಹಿಡಿದಿಡುವುದು. ಕನಿಷ್ಠ ಎರಡು ಮೂರು ಸುತ್ತು ಸದಾ ಉಳಿದಿರಬೇಕು ಎನ್ನುವುದು ಅದಕ್ಕೇ. ಇನ್ನು ದೂರದಲ್ಲಿ ಬಿದ್ದ ಭಾರವನ್ನು ವಿಂಚಿನಿಂದ ಓರೆಯಾಗಿ ಎಳೆಯುವುದಂತೂ ತೀರಾ ಅಪಾಯ. ಬೂಮ್ ಇರುವುದು ನೇರ ತೂಕ ಹೊರಲಿಕ್ಕೆ, ಪಕ್ಕದ ಎಳೆತ ತಡೆಯಲಿಕ್ಕಲ್ಲ.

ಅಮೆರಿಕದ ಮಿಲ್ವಾಕಿಯಲ್ಲಿ 1999ರ ಜುಲೈ 14ರಂದು ಕ್ರೀಡಾಂಗಣದ ಮೇಲ್ಛಾವಣಿಯ 400 ಟನ್ನಿಗೂ ಮೀರಿದ ತುಂಡೊಂದನ್ನು ಎತ್ತುತ್ತಿದ್ದ ದೈತ್ಯ ಕ್ರೇನು ಉರುಳಿ ಮೂವರು ಕಾರ್ಮಿಕರು ಸತ್ತರು. ಅಂದು ಗಾಳಿಯಿತ್ತು. ಕ್ರೇನಿನ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಗಣಿಸಿದ್ದರು, ತೂಗುತ್ತಿದ್ದ ಅಗಲವಾದ ತುಂಡಿನ ಮೇಲೆ ಬೀಳುವುದನ್ನು ಗಣಿಸಿರಲಿಲ್ಲ. ನಮ್ಮಲ್ಲಿ, 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿ ಪರೀಕ್ಷೆಯ ಹೊತ್ತಿನಲ್ಲೇ ಕ್ರೇನು ಕುಸಿದು 11 ಜನ ಪ್ರಾಣ ಕಳೆದುಕೊಂಡರು. ಪರೀಕ್ಷೆಯೆಂದರೆ ಯಂತ್ರವನ್ನು ಇನ್ನೂ ನಂಬಲಾಗದ ಗಳಿಗೆ. ಆಗಲೇ ಸುತ್ತ ಜನ ಅತ್ಯಂತ ಕಡಿಮೆ ಇರಬೇಕು.

ನುರಿತ ಆಪರೇಟರಿಗೆ, ಹಳೆಯ ಖಲಾಸಿಗೆ ಇದೆಲ್ಲ ಕೈಯಲ್ಲೇ ಗೊತ್ತಿರುತ್ತದೆ, ಕಾಗದದ ಲೆಕ್ಕ ಯಾಕೆ ಎನ್ನುವವರಿದ್ದಾರೆ. ಅವರ ಕೈಗುಣವನ್ನು ನಾನು ಗೌರವಿಸುತ್ತೇನೆ. ಭಾರವನ್ನು ನೆಲದಿಂದ ಒಂದು ಗೇಣು ಎತ್ತಿ, ನಿಲ್ಲಿಸಿ, ಬ್ರೇಕು ಹಿಡಿಯಿತೇ, ಭಾರ ವಾಲಿತೇ ಎಂದು ನೋಡುವ ಒಳ್ಳೆಯ ಅಭ್ಯಾಸ ಅಂಥವರದೇ. ಆದರೆ ರೋಪಿನ ಒಳಗೆ ತುಂಡಾದ ತಂತಿ, ಕ್ರೇನಿನ ಕಾಲಡಿಯಲ್ಲಿ ಮುಚ್ಚಿದ ಹಳೆಯ ಗುಂಡಿ ಯಾವ ಅನುಭವಕ್ಕೂ ಕಾಣುವುದಿಲ್ಲ. ಇಂಥ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಅರ್ಹ ವ್ಯಕ್ತಿ 12 ತಿಂಗಳಿಗೊಮ್ಮೆಯಾದರೂ ಕೂಲಂಕಷವಾಗಿ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ವಿಧಿಸಿದ್ದು ಇದಕ್ಕೇ. ಭಾರ ಮಿತಿ ಮೀರಿದರೆ ಎಚ್ಚರಿಸುವ ಸಾಧನವಿದೆಯಲ್ಲ ಎಂಬುದು ಇನ್ನೊಂದು ಮಾತು. ಅದು ತೂಕ ಹೇಳೀತು, ಸ್ಲಿಂಗಿನ ಕೋನವನ್ನಾಗಲಿ, ಭಾರದಡಿ ನಿಂತವನನ್ನಾಗಲಿ ಅದು ಕಾಣದು.

ಗಟ್ಟಿಯಾದ ಆಕ್ಷೇಪ ದುಡ್ಡಿನದು. ಕ್ರೇನು ಗಂಟೆ ಲೆಕ್ಕದ ಬಾಡಿಗೆಗೆ ಬಂದಿರುತ್ತದೆ, ಗಾಳಿ ನಿಲ್ಲಲೆಂದು ಕಾದರೆ ನಷ್ಟ. ಆ ನಷ್ಟ ನಿಜ. ಆದರೆ ಅದನ್ನು ಆಪರೇಟರ್ ಹೊರುವಂತಾಗಬಾರದು. ಕೆಲಸ ಒಪ್ಪಿಸುವಾಗಲೇ ಕಾಯುವ ಗಂಟೆಗಳಿಗೂ ಬಾಡಿಗೆ ಬರೆದಿಡಬೇಕು. ಭಾರ ಎತ್ತುವಾಗ ಸಿಗ್ನಲ್ ಕೊಡುವವನು ಒಬ್ಬನೇ ಇರಲಿ, ಆದರೆ ‘ನಿಲ್ಲಿಸು’ ಎಂಬ ಸನ್ನೆಯನ್ನು ಯಾವ ಹೆಲ್ಪರ್ ಮಾಡಿದರೂ ವಿಂಚು ಆ ಕ್ಷಣವೇ ನಿಲ್ಲಬೇಕು, ಮತ್ತು ನಿಲ್ಲಿಸಿದ್ದಕ್ಕಾಗಿ ಯಾರ ದಿನಗೂಲಿಯೂ ಕಡಿತವಾಗಬಾರದು.